ಶೋನ್‌ಗೌವರ್‌ನ ಖರ್ಜೂರದ ಮರವನ್ನು ತಾಮ್ರದಲ್ಲಿ ಕೊರೆದ ಅನುಭವ

ಅರಸ ಹೆರೋದನಿಗೆ ಹೆದರಿ ಮರಿಯಳು, ಯೋಸೇಫ ಮತ್ತು ಮಗು ಯೇಸು ಐಗುಪ್ತಕ್ಕೆ (ಈಜಿಪ್ಟಿಗೆ) ಓಡಿದ ಪ್ರಸಂಗ ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯದಲ್ಲಿದೆ. ಆದರೆ ದಾರಿಯಲ್ಲಿ ಮಗುವಿನ ಮಾತಿಗೆ ಖರ್ಜೂರದ ಮರ ಬಾಗಿದ ಕಥೆ ಬೈಬಲ್ಲಿನ ಹೊರಗಿನದು. ಇಂದಿನ ಫ್ರಾನ್ಸಿನಲ್ಲಿರುವ ಕಾಲ್ಮಾರ್ ಪಟ್ಟಣದ ಕೆತ್ತನೆಗಾರ ಮಾರ್ಟಿನ್ ಶೋನ್‌ಗೌವರ್ ಸುಮಾರು 1470-75ರಲ್ಲಿ ಇವೆರಡನ್ನೂ ಅಚ್ಚು ತೆಗೆಯಲು ಕೊರೆದ ಒಂದೇ ತಾಮ್ರದ ಫಲಕದಲ್ಲಿ ಕೂಡಿಸಿದ. ಅದರಲ್ಲಿ ದೇವದೂತರು ಬಗ್ಗಿಸಿದ ಮರ ಮತ್ತು ಹಣ್ಣಿಗೆ ಕೈಚಾಚಿದ ಯೋಸೇಫ ಇರುವ ಭಾಗವನ್ನಷ್ಟೇ ನಾನು ನಕಲು ಮಾಡಲು ಆರಿಸಿಕೊಂಡೆ.

ಆಮ್ಲದಿಂದ ಗೆರೆ ಮೂಡಿಸುವ ಎಚಿಂಗ್‌ನಲ್ಲಿ ಪಳಗಿದ ನನಗೆ ಬ್ಯುರಿನ್ ಬೇರೆಯದೇ ಶಿಸ್ತನ್ನು ಕಲಿಸಿತು. ಓರೆಯಾಗಿ ಮಸೆದ ಈ ಚೌಕ ಉಕ್ಕಿನ ಉಳಿಯ ಹಿಡಿ ಅಂಗೈಯಲ್ಲಿ ಕೂರುತ್ತದೆ. ಅದನ್ನು ಎಳೆಯುವುದಿಲ್ಲ, ಮುಂದಕ್ಕೆ ತಳ್ಳಬೇಕು. ಒತ್ತಡ ಹೆಚ್ಚಿದಂತೆ ಕೊರೆ ಆಳವಾಗಿ ಗೆರೆ ದಪ್ಪವಾಗುತ್ತದೆ, ಕೈ ಸಡಿಲಿಸಿದರೆ ಕೂದಲೆಳೆಯಷ್ಟು ತೆಳುವಾಗಿ ಮುಗಿಯುತ್ತದೆ. ಬಾಗಿದ ಗೆರೆಗೆ ಉಳಿಯನ್ನು ತಿರುಗಿಸದೆ, ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ಫಲಕವನ್ನೇ ಎಡಗೈಯಿಂದ ತಿರುಗಿಸುತ್ತೇವೆ. ಖರ್ಜೂರದ ಕಾಂಡದ ದುಂಡಗಿನ ನೆರಳನ್ನು ಕೊರೆಯುವಾಗ, ಶೋನ್‌ಗೌವರ್‌ನ ಗೆರೆಗಳು ಆಕಾರವನ್ನು ಸುತ್ತಿ ಹೋಗುವುದಕ್ಕೆ ಈ ತಿರುಗುವಿಕೆಯೂ ಕಾರಣವೆಂದು ನನಗೆ ಮನವರಿಕೆಯಾಯಿತು. ಅವನ ತಂದೆ ಕಾಸ್ಪರ್ ಅಕ್ಕಸಾಲಿಗನಾಗಿದ್ದುದು ಇಲ್ಲಿ ಬರೀ ಜೀವನಚರಿತ್ರೆಯ ವಿವರವಲ್ಲ, ಏಕೆಂದರೆ ಲೋಹದ ಮೇಲೆ ಉಳಿಯಿಂದ ಕೊರೆಯುವುದು ಅಕ್ಕಸಾಲಿಗರ ಕಸುಬೂ ಆಗಿತ್ತು.

ಅಚ್ಚಿನಲ್ಲಿ ಚಿತ್ರ ಎಡಬಲ ಅದಲುಬದಲಾಗುವುದರಿಂದ ಪಾರದರ್ಶಕ ಕಾಗದದ ಮೇಲೆ ತೆಗೆದ ರೇಖೆಗಳನ್ನು ಮಗುಚಿ ಫಲಕಕ್ಕೆ ಇಳಿಸಿಕೊಂಡೆ. ಕೊರೆಯ ಅಂಚಿನಲ್ಲಿ ಏಳುವ ತಾಮ್ರದ ಮುಳ್ಳನ್ನು ಹೆರೆದು ತೆಗೆದೆ. ಅದು ಉಳಿದರೆ ಶಾಯಿ ಹಿಡಿದು ಗೆರೆಯ ಚೊಕ್ಕತನ ಕೆಡುತ್ತದೆ. ಎಲೆಗರಿಗಳು ಬೇಸರ ತರುವಷ್ಟು ಸಮಯ ಬೇಡಿದವು. ಯೋಸೇಫನ ಬಟ್ಟೆಯ ಮಡಿಕೆಗಳು ಮಾತ್ರ ನಿಜಕ್ಕೂ ಕಷ್ಟ, ಏಕೆಂದರೆ ಅಲ್ಲಿ ಒಂದು ಗೆರೆಗುಂಪು ಇನ್ನೊಂದನ್ನು ದಾಟುವ ಕೋನ ಸ್ವಲ್ಪ ತಪ್ಪಿದರೂ ನೆರಳು ಬಲೆಯಂತೆ ಕಾಣುತ್ತದೆ.

ಶಾಯಿಯನ್ನು ಕೊರೆಗಳಿಗೆ ತುಂಬಿ, ಮೇಲ್ಮೈಯನ್ನು ಗಂಜಿ ಹಾಕಿದ ಜಾಳು ಬಟ್ಟೆಯಿಂದಲೂ ಕೊನೆಗೆ ಅಂಗೈಯಿಂದಲೂ ಒರೆಸಿ, ಒದ್ದೆ ಮಾಡಿದ ಹತ್ತಿ ಕಾಗದವಿಟ್ಟು ರೋಲರ್ ಪ್ರೆಸ್ಸಿನಲ್ಲಿ ಹಾಯಿಸಿದೆ. ಪ್ರತಿ ಅಚ್ಚಿಗೂ ತಾಮ್ರ ಅಷ್ಟಷ್ಟು ಸವೆಯುತ್ತದೆ, ಮೊದಲು ಮಾಸುವುದು ತೆಳುಗೆರೆಗಳೇ. ಹಾಗಾಗಿ ಈಗ ಹಳೆಯ ಅಚ್ಚೊಂದನ್ನು ನೋಡುವಾಗ ನಾನು ದೇವದೂತರಿಗಿಂತ ಮೊದಲು ದೂರದ ಕಾಡಿನ ನಸುಗೆರೆಗಳು ಉಳಿದಿವೆಯೇ ಎಂದು ಪರೀಕ್ಷಿಸುತ್ತೇನೆ.