ಮಗಳ ಮೊದಲ ರೈಫಲ್ ಆರಿಸಿದ ಕಥೆ

ಮಗಳಿಗೆ ಒಂಬತ್ತು ತುಂಬಿದಾಗ ಗುರಿ ಹೊಡೆಯುವುದನ್ನು ಕಲಿಸಲು ಹೊರಟೆ. ನನ್ನದೇ ಪಾಯಿಂಟ್ ಟೂ ಟೂ (ಸುಮಾರು 0.22 ಇಂಚು ದಪ್ಪದ ಗುಂಡಿನ) ರೈಫಲ್ ಇತ್ತಲ್ಲ, ಸುಮ್ನೆ ಇನ್ನೊಂದು ಯಾಕೆ ಅಂದುಕೊಂಡಿದ್ದೆ. ಗುಂಡು ತುಂಬದೆ ಅವಳ ಕೈಗೆ ಕೊಟ್ಟೆ. ಅದರ ಬಟ್, ಅಂದರೆ ಭುಜಕ್ಕೆ ಆನಿಸುವ ಹಿಂಬದಿ, ಸರಿಯಾಗಿ ಕೂರಲಿಲ್ಲ, ಕಂಕುಳಲ್ಲಿ ತುರುಕಿಕೊಂಡಳು. ಭಾರ ತಡೆಯಲಾಗದೆ ಹೊಟ್ಟೆ ಮುಂದೆ ಮಾಡಿ ಹಿಂದಕ್ಕೆ ಬಾಗಿದಳು. ನಳಿಗೆಯ ತುದಿ ಗಾಳಿಯಲ್ಲಿ ಸೊನ್ನೆ ಸುತ್ತುತ್ತಿತ್ತು. ನಳಿಗೆ ಎತ್ತ ನೋಡುತ್ತಿದೆ ಎನ್ನುವುದೇ ಮೊದಲ ಪಾಠ. ಅದನ್ನು ಪಾಲಿಸಲು ಆಗದಂಥ ಬಂದೂಕು ಕೊಟ್ಟು ‘ನೆಟ್ಟಗೆ ಹಿಡಿ’ ಎಂದು ಗದರಿದರೆ ತಪ್ಪು ಯಾರದು?

ಹಾಗಾಗಿ ಮೊದಲು ನೋಡಿದ್ದು ಅಳತೆ. ದೊಡ್ಡವರ ರೈಫಲ್‌ಗಳಲ್ಲಿ ಬಟ್‌ನ ತುದಿಯಿಂದ ಟ್ರಿಗರ್‌ವರೆಗೆ ಸುಮಾರು 13.5 ಇಂಚು ಇರುತ್ತದೆ. ಮಕ್ಕಳಿಗೆ 11ರಿಂದ 11.5 ಇಂಚು ಸಾಕು. ನಾನು ಮಾಡುವ ಪರೀಕ್ಷೆ ಇಷ್ಟೇ: ಮೊಣಕೈ ಮಡಿಸಿ, ಆ ಮಡಿಕೆಗೆ ಬಟ್ ಆನಿಸಬೇಕು. ತೋರುಬೆರಳಿನ ತುದಿ ಆರಾಮಾಗಿ ಟ್ರಿಗರ್ ಮುಟ್ಟಿದರೆ ಸರಿ. ಹಳೆಯ ರೈಫಲ್‌ನ ಬಟ್ ಕತ್ತರಿಸಿ ಗಿಡ್ಡ ಮಾಡುವವರಿದ್ದಾರೆ. ಉದ್ದವೇನೋ ಸರಿಹೋಗುತ್ತದೆ, ಆದರೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ.

ಗುಂಡಿನ ವಿಷಯದಲ್ಲಿ ಜಾಸ್ತಿ ಯೋಚಿಸಲಿಲ್ಲ. ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ಎಂಬ ತೋಟಾ 1887ರಿಂದ ಇದೆ. ಗುಂಡು ಬರೀ 2.6 ಗ್ರಾಂ, ಭುಜಕ್ಕೆ ಒದೆತ ಇಲ್ಲವೆಂದೇ ಹೇಳಬಹುದು. ಒದೆತಕ್ಕೆ ಒಮ್ಮೆ ಹೆದರಿದ ಮಗು ಆಮೇಲೆ ಟ್ರಿಗರ್ ಒತ್ತುವಾಗಲೆಲ್ಲ ಕಣ್ಣು ಮುಚ್ಚುತ್ತದೆ. ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ. ಆದರೆ ಇದನ್ನು ಆಟಿಕೆ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಗುರಿಯ ಹಿಂದೆ ದಪ್ಪ ಮಣ್ಣಿನ ದಿಬ್ಬ ಇಲ್ಲದ ಕಡೆ ನಾವು ಪೆಟ್ಟಿಗೆಯನ್ನೇ ತೆರೆಯುವುದಿಲ್ಲ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಇದ್ದೇ ಇರಬೇಕು. ಸದ್ದು ಕಡಿಮೆ ಇರಲಿ ಎಂದು ನಿಧಾನ ವೇಗದ ತೋಟಾಗಳನ್ನೇ ತರುತ್ತೇನೆ.

ನಿಜವಾಗಿ ತಲೆ ಕೆಡಿಸಿಕೊಂಡದ್ದು ಬೋಲ್ಟ್, ಅಂದರೆ ತೋಟಾ ಹಾಕಿ ನಳಿಗೆಯ ಹಿಂಬದಿ ಮುಚ್ಚುವ ಚಿಲಕದ ಬಗ್ಗೆ. ಸೆಮಿ ಆಟೊಮ್ಯಾಟಿಕ್ ಬೇಡ ಎಂದು ಮೊದಲೇ ನಿರ್ಧರಿಸಿದ್ದೆ, ಒಂದು ಹಾರಿಸಿದ ಕೂಡಲೇ ಇನ್ನೊಂದು ಒಳಗೆ ಸಿದ್ಧವಾಗಿರುತ್ತದೆ. ಪಿಸ್ತೂಲಂತೂ ದೂರವೇ ಉಳಿಯಿತು, ಮಣಿಕಟ್ಟು ಸ್ವಲ್ಪ ತಿರುಗಿದರೂ ಅದರ ನಳಿಗೆ ಪಕ್ಕದವರನ್ನು ನೋಡುತ್ತದೆ. ಒಂದೊಂದೇ ತೋಟಾ ಹಾಕುವ ರೈಫಲ್‌ಗಳಲ್ಲೂ ವ್ಯತ್ಯಾಸ ಇದೆ. ಮೊದಲು ನೋಡಿದ ಒಂದರಲ್ಲಿ ಬೋಲ್ಟ್ ಮುಚ್ಚಿದ ಮೇಲೆ ಹೊಡೆಯಲು ಸಿದ್ಧ ಮಾಡಲು ಹಿಂದಿನ ಗುಬುಟನ್ನು ಬೇರೆಯಾಗಿ ಎಳೆಯಬೇಕಿತ್ತು. ಕೇಳಲು ಅದು ಹೆಚ್ಚಿನ ಸುರಕ್ಷತೆ. ಆದರೆ ಅವಳ ಬೆರಳಿಗೆ ಅಷ್ಟು ಬಲ ಇರಲಿಲ್ಲ. ಬಟ್ ಅನ್ನು ತೊಡೆಗೆ ಒತ್ತಿ ಎಳೆಯಲು ಹೋದಳು, ನಳಿಗೆ ಪಕ್ಕಕ್ಕೆ ತಿರುಗಿತು. ವಾಪಸ್ ಕೊಟ್ಟೆ.

ಕೊನೆಗೆ ತಂದದ್ದು ಸ್ಯಾವೇಜ್ ಕಂಪನಿಯ ರಾಸ್ಕಲ್, ಒಂದೊಂದೇ ತೋಟಾ ಹಾಕುವ ಮಕ್ಕಳ ರೈಫಲ್. ಹೆಸರು ಕೇಳಿ ಮಗಳು ಬಿದ್ದು ಬಿದ್ದು ನಕ್ಕಳು, ಮನೆಯಲ್ಲಿ ಆ ಪದ ಬೈಗುಳ ಅಲ್ವಾ! ತೂಕ ಸುಮಾರು 1.2 ಕೆಜಿ. ಬೋಲ್ಟ್ ಎತ್ತಿದರೆ ತಾನಾಗಿಯೇ ಕಾಕ್ ಆಗುತ್ತದೆ, ಅಂದರೆ ಹೊಡೆಯಲು ಸಿದ್ಧವಾಗುತ್ತದೆ. ಟ್ರಿಗರ್ ಮುಟ್ಟದೆಯೇ ತೋಟಾ ಹೊರಗೆ ತೆಗೆಯಬಹುದು, ನನಗೆ ಹಿಡಿಸಿದ್ದು ಇದೇ. ಗುರಿ ನೋಡುವ ಹಿಂದಿನ ಸೈಟ್ ಪುಟ್ಟ ಕಿಂಡಿ. ಅದರಲ್ಲಿ ನೋಡಿ, ಮುಂದಿನ ಕಡ್ಡಿಯನ್ನು ಗುರಿಗೆ ಇಟ್ಟರೆ ಆಯ್ತು.

ಮೂರನೆಯ ದಿನ ‘ಟಕ್’ ಎಂದಿತು, ಗುಂಡು ಹಾರಲಿಲ್ಲ. ಈ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮದ್ದು ಅಂಚಿನೊಳಗೆ ಇರುವುದರಿಂದ ಆಗೊಮ್ಮೆ ಈಗೊಮ್ಮೆ ಹೀಗಾಗುತ್ತದೆ. “ಅಪ್ಪಾ, ಇದು ಹಾರ್ಲೇ ಇಲ್ಲ” ಎಂದು ಅವಳು ನನ್ನ ಕಡೆ ತಿರುಗಿದಳು. ಜೊತೆಗೆ ರೈಫಲ್ ಕೂಡ ತಿರುಗಿತು. ನಳಿಗೆ ಹಿಡಿದು ದಿಬ್ಬದ ಕಡೆ ತಳ್ಳಿದೆ. ಮದ್ದು ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ ಎಂದು ಅವಳಿಗೆ ಹೇಳಿಕೊಟ್ಟೇ ಇರಲಿಲ್ಲ. ತಪ್ಪು ನನ್ನದು. ಆ ದಿನ ಅಲ್ಲಿಗೇ ನಿಲ್ಲಿಸಿದೆ.

ಮಾರನೆಯ ವಾರ ಮದ್ದಿಲ್ಲದ ಡಮ್ಮಿ ತೋಟಾಗಳನ್ನು ತಂದೆ. ಅವಳು ಆ ಕಡೆ ನೋಡುವಾಗ ನಾನೇ ತುಂಬುತ್ತೇನೆ. ಒಮ್ಮೆ ನಿಜವಾದದ್ದು, ಒಮ್ಮೆ ಡಮ್ಮಿ. ‘ಟಕ್’ ಎಂದರೆ ಅಲುಗದೆ, ನಳಿಗೆ ಗುರಿಯ ಕಡೆಗೇ ಇಟ್ಟು, ಜೋರಾಗಿ ಮೂವತ್ತು ಸೆಕೆಂಡು ಎಣಿಸಬೇಕು. ಇದರಿಂದ ಇನ್ನೊಂದು ಗುಟ್ಟೂ ಗೊತ್ತಾಯಿತು. ಡಮ್ಮಿ ಇದ್ದಾಗ ನಳಿಗೆಯ ತುದಿ ಕೆಳಗೆ ಕುಕ್ಕುತ್ತಿತ್ತು, ಅಂದರೆ ಸದ್ದಿಗೆ ಮುಂಚೆಯೇ ಅವಳು ಬೆಚ್ಚುತ್ತಿದ್ದಳು. ಒಂದು ತಿಂಗಳಲ್ಲಿ ಅದು ನಿಂತಿತು.

ಹೊಡೆದಾದ ಮೇಲೆ ಕೈ ತೊಳೆಯದೆ ತಿಂಡಿ ಮುಟ್ಟುವಂತಿಲ್ಲ, ಗುಂಡು ಸೀಸದ್ದು. ರೈಫಲ್ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬೋಲ್ಟ್ ಇನ್ನೊಂದರಲ್ಲಿ, ಎರಡರ ಬೀಗದ ಕೈಯೂ ನನ್ನ ಹತ್ತಿರ.

ಈಗ ಅವಳಿಗೆ ಹನ್ನೊಂದು. ರಾಸ್ಕಲ್ ಗಿಡ್ಡವಾಗಿ, ಮೂಗು ಬೋಲ್ಟ್ ಹತ್ತಿರ ಹೋಗುತ್ತಿದೆ. ಹಲವು ತೋಟಾ ಒಟ್ಟಿಗೆ ತುಂಬುವ ಮ್ಯಾಗಜೀನ್ ಇರುವುದು ಬೇಕಂತೆ. ಅವಳ ತಮ್ಮ ಈಗಲೇ ‘ರಾಸ್ಕಲ್ ನನಗೆ’ ಎಂದು ಹಠ ಹಿಡಿದಿದ್ದಾನೆ. ಮೊನ್ನೆ ಮೊಣಕೈ ಮಡಿಸಿ ಅಳೆದು ನೋಡಿದೆ. ಅವನ ಬೆರಳು ಟ್ರಿಗರ್‌ನಿಂದ ಇನ್ನೂ ಒಂದು ಇಂಚು ಹಿಂದೆಯೇ ಇದೆ.