ಜೋಗದ ಚಿತ್ರಕ್ಕೆ ನಾಲ್ಕು ಹೆಸರು: ವರ್ಡ್‌ನಲ್ಲಿ ಚಿತ್ರವನ್ನೂ ಟೆಕ್ಸ್ಟ್ ಬಾಕ್ಸನ್ನೂ ಗ್ರೂಪ್ ಮಾಡುವ ಬಗೆ

ಕೆಲವು ವರ್ಷಗಳ ಹಿಂದೆ ಸಾಗರದ ಕಡೆಯ ಒಂದು ಶಾಲೆಯ ಸ್ಮರಣ ಸಂಚಿಕೆಯ ಪುಟಗಳನ್ನು ನಾನು ವರ್ಡ್‌ನಲ್ಲಿ ಸಿದ್ಧಪಡಿಸಿಕೊಟ್ಟಿದ್ದೆ. ಅದರಲ್ಲಿ ಜೋಗ ಜಲಪಾತದ ಒಂದು ದೊಡ್ಡ ಚಿತ್ರವಿತ್ತು. ಎದುರಿನಿಂದ ನೋಡುವವರಿಗೆ ಎಡದಿಂದ ಬಲಕ್ಕೆ ರಾಜ, ರೋರರ್, ರಾಕೆಟ್, ರಾಣಿ ಎಂಬ ಕ್ರಮದಲ್ಲಿ ಕಾಣುವ ನಾಲ್ಕು ಧಾರೆಗಳಿಗೆ ನಾಲ್ಕು ಪುಟ್ಟ ಟೆಕ್ಸ್ಟ್ ಬಾಕ್ಸ್‌ಗಳಲ್ಲಿ ಹೆಸರು ಬರೆದು, ಪ್ರತಿ ಹೆಸರಿನಿಂದ ಅದರ ಧಾರೆಯತ್ತ ಒಂದೊಂದು ಗೆರೆ ಎಳೆದಿದ್ದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಅದೇ ಪುಟದ ಲೇಖನಕ್ಕೆ ಎರಡು ಸಾಲು ಸೇರಿಸಬೇಕಾಯಿತು. ಚಿತ್ರ ಕೆಳಗೆ ಸರಿಯಿತು, ಎರಡು ಹೆಸರುಗಳು ಅದರೊಂದಿಗೆ ಸರಿದವು, ಇನ್ನೆರಡು ಇದ್ದಲ್ಲಿಯೇ ನಿಂತವು. ಅಚ್ಚಾಗಿ ಬಂದ ಪ್ರತಿಗಳಲ್ಲಿ ರಾಣಿಯ ಹೆಸರು ಬಂಡೆಯ ಮೇಲಿನ ಆಕಾಶದಲ್ಲಿತ್ತು. ಜೋಗವನ್ನು ಇನ್ನೂ ನೋಡದ ಮಗುವಿಗೆ ಅಂತಹ ಚಿತ್ರ ತಪ್ಪನ್ನೇ ಕಲಿಸುತ್ತದೆ ಎಂಬ ಸಂಕಟ ನನಗೆ ಇಂದಿಗೂ ಇದೆ. ಚಿತ್ರ, ಹೆಸರು, ಗೆರೆ ಇವೆಲ್ಲವನ್ನೂ ಒಂದೇ ಕಟ್ಟಾಗಿ ಕಟ್ಟುವ ಕೆಲಸಕ್ಕೆ ವರ್ಡ್‌ನಲ್ಲಿ ಗ್ರೂಪ್ ಎಂದು ಹೆಸರು. ಅದನ್ನು ಮಾಡುವ ಬಗೆಯನ್ನು ಜೋಗದ ಚಿತ್ರವನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮೊದಲು ಹೆಸರುಗಳು ಏಕೆ ಚದುರಿದವು ಎಂಬುದನ್ನು ತಿಳಿದುಕೊಳ್ಳಬೇಕು, ಏಕೆಂದರೆ ಕಾರಣ ತಿಳಿದರೆ ಮುಂದಿನ ಹೆಜ್ಜೆಗಳನ್ನು ಬಾಯಿಪಾಠ ಮಾಡುವ ಅಗತ್ಯವಿರುವುದಿಲ್ಲ. ವರ್ಡ್‌ನ ಪುಟದಲ್ಲಿ ತೇಲುವ ಪ್ರತಿಯೊಂದು ವಸ್ತುವೂ, ಅದು ಚಿತ್ರವಿರಲಿ, ಟೆಕ್ಸ್ಟ್ ಬಾಕ್ಸ್ ಇರಲಿ, ಬಾಣದ ಗುರುತಿರಲಿ, ಯಾವುದಾದರೂ ಒಂದು ಪ್ಯಾರಾಗ್ರಾಫಿಗೆ ಕಟ್ಟಿಕೊಂಡಿರುತ್ತದೆ. ಈ ಕಟ್ಟಿಗೆ ಆ್ಯಂಕರ್ ಎನ್ನುತ್ತಾರೆ. ಹೋಮ್ ಟ್ಯಾಬಿನಲ್ಲಿರುವ ಪ್ಯಾರಾಗ್ರಾಫ್ ಗುರುತಿನ ಗುಂಡಿಯನ್ನು ಒತ್ತಿ, ವಸ್ತುವಿನ ಮೇಲೆ ಕ್ಲಿಕ್ ಮಾಡಿದರೆ, ಅದು ಯಾವ ಪ್ಯಾರಾಗ್ರಾಫಿಗೆ ಸೇರಿದೆಯೋ ಅದರ ಪಕ್ಕದಲ್ಲಿ ಲಂಗರಿನ ಪುಟ್ಟ ಚಿಹ್ನೆ ಕಾಣುತ್ತದೆ. ನನ್ನ ಪುಟದಲ್ಲಿ ಎರಡು ಹೆಸರುಗಳ ಲಂಗರು ಚಿತ್ರವಿದ್ದ ಪ್ಯಾರಾಗ್ರಾಫಿನಲ್ಲಿಯೂ ಉಳಿದೆರಡರ ಲಂಗರು ಅದಕ್ಕಿಂತ ಮೇಲಿನ ಪ್ಯಾರಾಗ್ರಾಫಿನಲ್ಲಿಯೂ ಇದ್ದವು. ಇವೆರಡರ ನಡುವೆ ಹೊಸ ಸಾಲುಗಳು ಬಂದಾಗ ಒಂದು ಗುಂಪು ಇಳಿಯಿತು, ಇನ್ನೊಂದು ಇಳಿಯಲಿಲ್ಲ. ಗ್ರೂಪ್ ಮಾಡಿದರೆ ಎಲ್ಲಕ್ಕೂ ಸೇರಿ ಒಂದೇ ಲಂಗರು ಉಳಿಯುತ್ತದೆ.

ಈಗ ಕೆಲಸಕ್ಕೆ ಬರೋಣ. ಇನ್ಸರ್ಟ್ ಟ್ಯಾಬಿನಿಂದ ಚಿತ್ರವನ್ನು ತಂದ ಕೂಡಲೇ ಅದರ ಅಳತೆಯನ್ನು ನಿಗದಿ ಮಾಡಿಬಿಡಬೇಕು, ಹೆಸರು ಬರೆಯುವುದು ಆಮೇಲೆ. ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಎಡಬಲದಲ್ಲಿ 2.54 ಸೆಂಟಿಮೀಟರ್ ಅಂಚು ಬಿಟ್ಟರೆ ಬರಹಕ್ಕೆ ಸಿಗುವ ಅಗಲ 16 ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಹಾಗಾಗಿ ನಾನು ಜೋಗದ ಚಿತ್ರವನ್ನು 15 ಸೆಂಟಿಮೀಟರಿಗೆ ಇಡುತ್ತೇನೆ. ಅಳತೆಯನ್ನು ಮೊದಲೇ ನಿಲ್ಲಿಸಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣವಿದೆ, ಅದನ್ನು ಮುಂದೆ ಕನ್ನಡದ ಒತ್ತಕ್ಷರಗಳ ಮಾತು ಬಂದಾಗ ಹೇಳುತ್ತೇನೆ.

ಹೊಸದಾಗಿ ತಂದ ಚಿತ್ರವನ್ನು ವರ್ಡ್ ಒಂದು ದೊಡ್ಡ ಅಕ್ಷರವೆಂಬಂತೆ ಸಾಲಿನೊಳಗೇ ಕೂರಿಸುತ್ತದೆ. ಈ ಸ್ಥಿತಿಗೆ ‘ಇನ್ ಲೈನ್ ವಿತ್ ಟೆಕ್ಸ್ಟ್’ ಎಂದು ಹೆಸರು. ಹೀಗಿರುವಾಗ ಅದನ್ನು ಬೇರೆ ಯಾವುದರ ಜೊತೆಗೂ ಗ್ರೂಪ್ ಮಾಡಲು ಬರುವುದಿಲ್ಲ. ‘ಗ್ರೂಪ್ ಎಂಬುದು ಮಸುಕಾಗಿದೆ, ಒತ್ತಿದರೂ ಏನೂ ಆಗುವುದಿಲ್ಲ’ ಎಂದು ನನ್ನನ್ನು ಕೇಳಿದವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲಿಯೇ. ಚಿತ್ರದ ಮೇಲೆ ಕ್ಲಿಕ್ ಮಾಡಿದಾಗ ಅದರ ಬಲಮೇಲ್ತುದಿಯ ಹತ್ತಿರ ಲೇಔಟ್ ಆಪ್ಷನ್ಸ್ ಗುಂಡಿ ಕಾಣಿಸುತ್ತದೆ. ಅದನ್ನು ಒತ್ತಿ ‘ಸ್ಕ್ವೇರ್’ ಅಥವಾ ‘ಟಾಪ್ ಆ್ಯಂಡ್ ಬಾಟಮ್’ ಆರಿಸಿಕೊಳ್ಳಬೇಕು. ಚಿತ್ರದ ಎಡಬಲದಲ್ಲಿ ಬರಹ ಹರಿಯುವುದು ಬೇಡವೆಂದಾದರೆ ಎರಡನೆಯದೇ ಒಳ್ಳೆಯದು. ‘ಬಿಹೈಂಡ್ ಟೆಕ್ಸ್ಟ್’ ಆರಿಸಿದರೂ ಗ್ರೂಪ್ ಆಗುತ್ತದೆ, ಆದರೆ ಬರಹದ ಹಿಂದೆ ಹೋದ ಚಿತ್ರ ಮೌಸಿಗೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ನಾನು ಅದನ್ನು ಬಳಸುವುದಿಲ್ಲ.

ಮುಂದೆ ಇನ್ಸರ್ಟ್ ಟ್ಯಾಬಿನ ಟೆಕ್ಸ್ಟ್ ಬಾಕ್ಸ್ ಮೆನುವಿನಲ್ಲಿ ಕೆಳಗಿರುವ ‘ಡ್ರಾ ಟೆಕ್ಸ್ಟ್ ಬಾಕ್ಸ್’ ಆರಿಸಿ, ಚಿತ್ರದ ಮೇಲೆ ಹೆಸರು ಬರಬೇಕಾದ ಜಾಗದಲ್ಲಿ ಒಂದು ಚೌಕ ಎಳೆದು ‘ರಾಜ’ ಎಂದು ಬರೆಯಬೇಕು. ಶೇಪ್ ಫಾರ್ಮ್ಯಾಟ್ ಟ್ಯಾಬಿನಲ್ಲಿ ಶೇಪ್ ಔಟ್‌ಲೈನ್ ಬೇಡವೆಂದು ಸೂಚಿಸಿದರೆ ಸುತ್ತಲಿನ ಕಪ್ಪು ಗೆರೆ ಹೋಗುತ್ತದೆ. ಆದರೆ ಹಿನ್ನೆಲೆಯ ಬಿಳಿ ಬಣ್ಣವನ್ನು ತೆಗೆಯುವ ಮುನ್ನ ಯೋಚಿಸಬೇಕು. ಮಳೆಗಾಲದ ಜೋಗದ ಚಿತ್ರದಲ್ಲಿ ನೀರೂ ಮಂಜೂ ಬೆಳ್ಳಗಿರುತ್ತವೆ, ಬಂಡೆ ಮಾತ್ರ ಕಪ್ಪು. ಬಿಳಿ ಹಿನ್ನೆಲೆ ಇಲ್ಲದ ಕಪ್ಪಕ್ಷರ ಬಂಡೆಯ ಮೇಲೆ ಬಿದ್ದರೆ ಓದಲಾಗದು. ಮೊದಲ ಬಾಕ್ಸ್ ಮನಸ್ಸಿಗೆ ಒಪ್ಪುವಂತೆ ಆದ ಮೇಲೆ ಅದನ್ನೇ ನಕಲು ಮಾಡಿ ಉಳಿದ ಮೂರನ್ನು ಮಾಡಿಕೊಂಡರೆ ನಾಲ್ಕೂ ಒಂದೇ ಅಳತೆಯಲ್ಲಿ, ಒಂದೇ ಅಕ್ಷರಗಾತ್ರದಲ್ಲಿ ಬರುತ್ತವೆ. ನಾಲ್ಕು ಬಾಕ್ಸ್‌ಗಳನ್ನೂ ಒಟ್ಟಿಗೆ ಆರಿಸಿಕೊಂಡು (ಆರಿಸುವ ದಾರಿ ಮುಂದಿದೆ) ಅಲೈನ್ ಮೆನುವಿನ ‘ಅಲೈನ್ ಟಾಪ್’ ಒತ್ತಿದರೆ ನಾಲ್ಕೂ ಒಂದೇ ಮಟ್ಟಕ್ಕೆ ಬರುತ್ತವೆ. ಆಮೇಲೆ ಶೇಪ್ಸ್‌ನಿಂದ ನಾಲ್ಕು ಗೆರೆಗಳನ್ನು ಎಳೆಯಬೇಕು. ಒಂದು ಚಿತ್ರ, ನಾಲ್ಕು ಬಾಕ್ಸ್, ನಾಲ್ಕು ಗೆರೆ, ಒಟ್ಟು ಒಂಬತ್ತು ವಸ್ತುಗಳು. ಈ ಲೆಕ್ಕವನ್ನು ನೆನಪಿನಲ್ಲಿಡಿ, ಆರಿಸುವಾಗ ಒಂದು ಗೆರೆ ಬಿಟ್ಟುಹೋಗುವುದು ತೀರಾ ಸಾಮಾನ್ಯ.

ಆರಿಸುವುದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಚಿತ್ರದ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಉಳಿದ ಎಂಟನ್ನೂ ಒಂದೊಂದಾಗಿ ಕ್ಲಿಕ್ ಮಾಡುವುದು. ಟೆಕ್ಸ್ಟ್ ಬಾಕ್ಸನ್ನು ಆರಿಸುವಾಗ ಅಕ್ಷರದ ಮೇಲೆ ಕ್ಲಿಕ್ ಮಾಡದೆ ಅದರ ಅಂಚಿನ ಮೇಲೆ ಕ್ಲಿಕ್ ಮಾಡಬೇಕು, ಇಲ್ಲವಾದರೆ ಕರ್ಸರ್ ಬಾಕ್ಸಿನೊಳಗೆ ಹೋಗಿ ಕೂರುತ್ತದೆ. ಎರಡನೆಯದು ಸೆಲೆಕ್ಷನ್ ಪೇನ್. ಆಲ್ಟ್ ಕೀಲಿಯೊಂದಿಗೆ ಎಫ್10 ಒತ್ತಿದರೆ ಬಲಬದಿಯಲ್ಲಿ ಪುಟದ ವಸ್ತುಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಅಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಹೆಸರುಗಳನ್ನು ಕ್ಲಿಕ್ ಮಾಡುತ್ತಾ ಹೋದರೆ ಸಾಕು. ತೆಳುವಾದ ಗೆರೆಯನ್ನು ಮೌಸಿನಿಂದ ಹಿಡಿಯಲು ಪರದಾಡುವುದಕ್ಕಿಂತ ಈ ದಾರಿಯೇ ನನಗೆ ಹೆಚ್ಚು ಇಷ್ಟ. ಪಟ್ಟಿಯಲ್ಲಿ ‘ಟೆಕ್ಸ್ಟ್ ಬಾಕ್ಸ್ 7’ ಎಂಬಂತಹ ಹೆಸರುಗಳನ್ನು ಅಳಿಸಿ ‘ರಾಣಿ’, ‘ರಾಕೆಟ್’ ಎಂದು ಕನ್ನಡದಲ್ಲಿಯೇ ಬರೆದುಕೊಂಡರೆ ಮುಂದಿನ ತಿದ್ದುಪಡಿ ಸುಲಭವಾಗುತ್ತದೆ.

ಒಂಬತ್ತೂ ಆಯ್ಕೆಯಾಗಿರುವಾಗ ಪಿಕ್ಚರ್ ಫಾರ್ಮ್ಯಾಟ್ ಅಥವಾ ಶೇಪ್ ಫಾರ್ಮ್ಯಾಟ್ ಟ್ಯಾಬಿನ ಅರೇಂಜ್ ವಿಭಾಗದಲ್ಲಿರುವ ಗ್ರೂಪ್ ಗುಂಡಿಯನ್ನು ಒತ್ತಿ, ಕೆಳಗಿಳಿಯುವ ಮೆನುವಿನಲ್ಲಿ ಮತ್ತೆ ಗ್ರೂಪ್ ಆರಿಸಬೇಕು. ಒಂದರ ಮೇಲೆ ರೈಟ್ ಕ್ಲಿಕ್ ಮಾಡಿದರೂ ಅದೇ ಆಜ್ಞೆ ಸಿಗುತ್ತದೆ. ಪವರ್‌ಪಾಯಿಂಟ್ ಬಳಸಿ ರೂಢಿಯಿದ್ದವರು ಕಂಟ್ರೋಲ್ ಮತ್ತು ಜಿ ಒತ್ತುತ್ತಾರೆ. ವರ್ಡ್‌ನಲ್ಲಿ ಆ ಕೀಲಿಗಳು ಬೇರೆ ಪುಟಕ್ಕೆ ಹೋಗುವ ‘ಗೋ ಟು’ ಆಜ್ಞೆಗೆ ಮೀಸಲು. ಗ್ರೂಪ್ ಆದದ್ದಕ್ಕೆ ಗುರುತೆಂದರೆ, ಒಂಬತ್ತರ ಸುತ್ತಲೂ ಒಂದೇ ದೊಡ್ಡ ಚೌಕಟ್ಟು ಕಾಣುವುದು.

ಸಾಲಿನೊಳಗಿನ ಚಿತ್ರವನ್ನು ಬಿಡಿಸಿದ ಮೇಲೂ ಗ್ರೂಪ್ ಮಸುಕಾಗಿಯೇ ಇದ್ದರೆ ಎರಡು ಸಂಗತಿಗಳನ್ನು ನೋಡಬೇಕು. ಆಯ್ಕೆಯಲ್ಲಿ ಟೇಬಲ್ ಅಥವಾ ಜಿಫ್ ಚಿತ್ರ ಸೇರಿದ್ದರೆ ಗ್ರೂಪ್ ಆಗುವುದಿಲ್ಲ. ಕಡತ ಹಳೆಯ ಡಾಕ್ ಮಾದರಿಯದಾಗಿದ್ದು, ಕಿಟಕಿಯ ನೆತ್ತಿಯಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಎಂದು ಕಾಣುತ್ತಿದ್ದರೆ, ಫೈಲ್ ಮೆನುವಿನ ಇನ್ಫೋ ಪುಟದಲ್ಲಿ ಕನ್ವರ್ಟ್ ಒತ್ತಿ ಅದನ್ನು ಹೊಸ ಮಾದರಿಗೆ ತರಬೇಕು. ನಮ್ಮ ಕಡೆಯ ಸಂಘ ಸಂಸ್ಥೆಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯ ಕಡತವನ್ನೇ ತೆರೆದು, ಹೆಸರು ಬದಲಿಸಿ, ಹೊಸ ವರದಿ ಮಾಡುವ ರೂಢಿ ಇರುವುದರಿಂದ ಈ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ.

ಇನ್ನು ಒತ್ತಕ್ಷರಗಳ ಮಾತು. ಗ್ರೂಪ್ ಮಾಡಿದ ಮೇಲೆ ಮೂಲೆಯ ಹಿಡಿಕೆ ಹಿಡಿದು ಇಡೀ ಕಟ್ಟನ್ನು ಕಿರಿದು ಮಾಡಿದರೆ ಚಿತ್ರ ಕಿರಿದಾಗುತ್ತದೆ, ಟೆಕ್ಸ್ಟ್ ಬಾಕ್ಸಿನ ಚೌಕವೂ ಕಿರಿದಾಗುತ್ತದೆ, ಆದರೆ ಒಳಗಿನ ಅಕ್ಷರಗಳ ಗಾತ್ರ ಮಾತ್ರ ಬದಲಾಗುವುದಿಲ್ಲ. 14 ಪಾಯಿಂಟ್ ಅಕ್ಷರ 14 ಪಾಯಿಂಟ್ ಆಗಿಯೇ ಉಳಿದು, ಚೌಕಕ್ಕೆ ಹಿಡಿಸದ ಭಾಗ ಮರೆಯಾಗುತ್ತದೆ. ಕನ್ನಡದಲ್ಲಿ ಮೊದಲು ಮರೆಯಾಗುವುದು ಸಾಲಿನ ಕೆಳಗಿರುವ ಒತ್ತು. ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದ ಬಳಿ ಕಡಲು ಸೇರುವ ಶರಾವತಿಯ ನಕ್ಷೆಯೊಂದನ್ನು ನಾನು ಹೀಗೆಯೇ ಕಿರಿದು ಮಾಡಿದಾಗ ‘ಲಿಂಗನಮಕ್ಕಿ’ ಹೋಗಿ ‘ಲಿಂಗನಮಕಿ’ ಆಯಿತು, ‘ಹೊನ್ನಾವರ’ ಹೋಗಿ ‘ಹೊನಾವರ’ ಆಯಿತು. ಅಕ್ಷರಗಳ ಮೇಲ್ಭಾಗ ಸ್ವಚ್ಛವಾಗಿಯೇ ಇರುವುದರಿಂದ ಇದು ಚೌಕದ ತಪ್ಪೆಂದು ಯಾರಿಗೂ ಹೊಳೆಯುವುದಿಲ್ಲ, ಓದಿದವರು ಕಾಗುಣಿತದ ತಪ್ಪೆಂದೇ ತಿಳಿಯುತ್ತಾರೆ. ಇದನ್ನು ತಡೆಯಲು ಪ್ರತಿ ಬಾಕ್ಸಿನ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಶೇಪ್ ತೆರೆದು, ಟೆಕ್ಸ್ಟ್ ಬಾಕ್ಸಿನ ವಿಭಾಗದಲ್ಲಿ ‘ರೀಸೈಜ್ ಶೇಪ್ ಟು ಫಿಟ್ ಟೆಕ್ಸ್ಟ್’ ಎಂಬುದಕ್ಕೆ ಗುರುತು ಹಾಕಬೇಕು. ಅಲ್ಲಿಯೇ ಒಳ ಅಂಚು ಮೇಲೆ ಕೆಳಗೆ 0.13 ಸೆಂಟಿಮೀಟರ್ ಇರುತ್ತದೆ. ಜಾಗ ಸಾಲದಿದ್ದರೆ ಮೇಲಿನದನ್ನು ಸೊನ್ನೆ ಮಾಡಿದರೂ ಕೆಳಗಿನದನ್ನು ಉಳಿಸಿಕೊಳ್ಳುವುದು ಕ್ಷೇಮ. ಬಾಕ್ಸಿನೊಳಗಿನ ಸಾಲುಗಳ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂದು ಬಿಗಿ ಮಾಡಿದ್ದರೆ ಅದನ್ನು ‘ಸಿಂಗಲ್’ ಮಾಡಬೇಕು. ಚಿತ್ರದ ಅಳತೆಯನ್ನು ಮೊದಲೇ ನಿಗದಿ ಮಾಡಿ ಎಂದದ್ದು ಈ ಕಷ್ಟವೇ ಬಾರದಿರಲಿ ಎಂದು.

ಹೆಸರುಗಳನ್ನು ಯುನಿಕೋಡ್ ಅಕ್ಷರಗಳಲ್ಲಿಯೇ ಬರೆಯುವುದು ಒಳ್ಳೆಯದು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದ ಹೆಸರು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಗ್ರೂಪ್ ಆದ ಕಟ್ಟನ್ನು ಪುಟದಲ್ಲಿ ನಿಲ್ಲಿಸುವ ಬಗೆಯಲ್ಲಿ ನನಗೆ ಒಂದು ಗಟ್ಟಿ ಅಭಿಪ್ರಾಯವಿದೆ. ಕಟ್ಟಿನ ಮೇಲೆ ಕ್ಲಿಕ್ ಮಾಡಿ, ಲೇಔಟ್ ಆಪ್ಷನ್ಸ್‌ನಲ್ಲಿ ಅದನ್ನು ಮತ್ತೆ ‘ಇನ್ ಲೈನ್ ವಿತ್ ಟೆಕ್ಸ್ಟ್’ಗೆ ತಂದುಬಿಡುವುದು ಉತ್ತಮ. ಕಟ್ಟುವುದಕ್ಕೆ ಮುಂಚೆ ಅಡ್ಡಿಯಾಗಿದ್ದ ಸ್ಥಿತಿಯೇ ಕಟ್ಟಿದ ಮೇಲೆ ಕಾವಲಾಗುತ್ತದೆ: ಇಡೀ ಕಟ್ಟು ಒಂದು ಅಕ್ಷರದಂತೆ ತನ್ನದೇ ಪ್ಯಾರಾಗ್ರಾಫಿನಲ್ಲಿ ಕುಳಿತು, ಬರಹ ಹೆಚ್ಚಾದರೆ ಅದರೊಂದಿಗೆ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಆ ಪ್ಯಾರಾಗ್ರಾಫಿನ ಸಾಲಿನ ಅಂತರವೂ ‘ಎಕ್ಸಾಕ್ಟ್ಲಿ’ ಆಗಿರಬಾರದು, ಆಗಿದ್ದರೆ ಚಿತ್ರದ ಒಂದು ತೆಳ್ಳನೆಯ ಪಟ್ಟಿ ಮಾತ್ರ ಕಾಣುತ್ತದೆ. ಚಿತ್ರದ ಕೆಳಗೆ ‘ಜೋಗದ ನಾಲ್ಕು ಧಾರೆಗಳು, ಎತ್ತರ 253 ಮೀಟರ್’ ಎಂಬಂತಹ ಅಡಿಬರಹವಿದ್ದರೆ, ಚಿತ್ರದ ಪ್ಯಾರಾಗ್ರಾಫಿಗೆ ‘ಕೀಪ್ ವಿತ್ ನೆಕ್ಸ್ಟ್’ ಎಂದು ಸೂಚಿಸಬೇಕು. ಆಗ ಅಡಿಬರಹ ಮುಂದಿನ ಪುಟಕ್ಕೆ ಒಂಟಿಯಾಗಿ ಹೋಗುವುದಿಲ್ಲ. ಕಟ್ಟನ್ನು ತೇಲುವಂತೆಯೇ ಇಟ್ಟವರು ಲಂಗರಿರುವ ಪ್ಯಾರಾಗ್ರಾಫನ್ನು ಪೂರ್ತಿಯಾಗಿ ಅಳಿಸದಂತೆ ಎಚ್ಚರ ವಹಿಸಬೇಕು, ಅದರೊಂದಿಗೆ ಚಿತ್ರವೂ ಅಳಿದುಹೋಗುತ್ತದೆ.

ಕಟ್ಟಿದ ಮೇಲೆ ಒಂದು ಹೆಸರನ್ನು ತಿದ್ದಬೇಕಾದರೆ ಬಿಚ್ಚಬೇಕಾಗಿಲ್ಲ. ಒಮ್ಮೆ ಕ್ಲಿಕ್ ಮಾಡಿದರೆ ಕಟ್ಟು, ಅದೇ ಜಾಗದಲ್ಲಿ ಇನ್ನೊಮ್ಮೆ ಕ್ಲಿಕ್ ಮಾಡಿದರೆ ಒಳಗಿನ ಬಾಕ್ಸ್ ಸಿಗುತ್ತದೆ. ಬಿಚ್ಚಲೇಬೇಕಾದರೆ ಅದೇ ಮೆನುವಿನಲ್ಲಿ ಅನ್‌ಗ್ರೂಪ್ ಇದೆ.

ಎಲ್ಲ ಕಡೆಯೂ ಗ್ರೂಪ್ ಬೇಕೆಂದಿಲ್ಲ. ಶಿವಮೊಗ್ಗದ ಮಾರುಕಟ್ಟೆಗೆ ಬರುವ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಬಗೆಯ ಅಡಿಕೆಗಳ ಚಿತ್ರಗಳನ್ನು ಸಾಲಾಗಿಟ್ಟು ಕೆಳಗೆ ಹೆಸರು ಬರೆಯುವುದಾದರೆ, ಎರಡು ಸಾಲಿನ ಒಂದು ಟೇಬಲ್ ಹಾಕಿ, ಮೇಲಿನ ಮನೆಗಳಲ್ಲಿ ಚಿತ್ರ, ಕೆಳಗಿನ ಮನೆಗಳಲ್ಲಿ ಹೆಸರು ಇಟ್ಟು, ಗೆರೆಗಳನ್ನು ಅಳಿಸಿದರೆ ಸಾಕು. ಹೆಸರು ಚಿತ್ರದ ಮೈಮೇಲೆಯೇ, ನಿರ್ದಿಷ್ಟ ಬಿಂದುವಿನಲ್ಲಿ ಕೂರಬೇಕಾದಾಗ ಮಾತ್ರ ಗ್ರೂಪ್ ಅನಿವಾರ್ಯ.

ಲಿಬ್ರೆಆಫೀಸ್ ರೈಟರ್ ಬಳಸುವವರಿಗೆ ದಾರಿ ಬೇರೆ. ಅಲ್ಲಿ ಇನ್ಸರ್ಟ್ ಮೆನುವಿನಿಂದ ತಂದ ಚಿತ್ರವನ್ನು ಟೆಕ್ಸ್ಟ್ ಬಾಕ್ಸಿನೊಂದಿಗೆ ಗ್ರೂಪ್ ಮಾಡಲು ಬರುವುದಿಲ್ಲ. ಅದೇ ಲಿಬ್ರೆಆಫೀಸಿನ ಡ್ರಾ ತೆರೆದು, ಅಲ್ಲಿ ಚಿತ್ರ, ಹೆಸರು, ಗೆರೆಗಳನ್ನು ಜೋಡಿಸಿ ಗ್ರೂಪ್ ಮಾಡಿ, ಪಿಎನ್‌ಜಿ ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡಿ ರೈಟರಿಗೆ ತರುವುದು ನೇರವಾದ ಉಪಾಯ. ಡ್ರಾ ಕಡತವನ್ನು ಉಳಿಸಿಟ್ಟುಕೊಂಡರೆ ತಿದ್ದುಪಡಿಗೆ ಆಗುತ್ತದೆ. ಗೂಗಲ್ ಡಾಕ್ಸ್‌ನಲ್ಲಾದರೆ ಇನ್ಸರ್ಟ್ ಮೆನುವಿನ ಡ್ರಾಯಿಂಗ್ ಕಿಟಕಿಯೊಳಗೇ ಚಿತ್ರವನ್ನೂ ಟೆಕ್ಸ್ಟ್ ಬಾಕ್ಸನ್ನೂ ಜೋಡಿಸಿ ಉಳಿಸಬೇಕು.

ಮುದ್ರಣಾಲಯಕ್ಕೆ ಕಳಿಸುವ ಮುನ್ನ ನಾನು ತಪ್ಪದೆ ಮಾಡುವ ಪರೀಕ್ಷೆ ಒಂದಿದೆ. ಕಡತವನ್ನು ಉಳಿಸಿ, ಚಿತ್ರಕ್ಕಿಂತ ಮೇಲಿನ ಪ್ಯಾರಾಗ್ರಾಫಿನ ಕೊನೆಯಲ್ಲಿ ಕರ್ಸರ್ ಇಟ್ಟು ಮೂರು ಬಾರಿ ಎಂಟರ್ ಒತ್ತುತ್ತೇನೆ. ಒಂಬತ್ತೂ ಒಟ್ಟಿಗೆ ಇಳಿದು, ರಾಣಿಯ ಹೆಸರು ರಾಣಿಯ ಮೇಲೆಯೇ ಇದ್ದರೆ ಕಂಟ್ರೋಲ್ ಮತ್ತು ಝಡ್ ಒತ್ತಿ ಹಿಂದಕ್ಕೆ ಬಂದು, ಪಿಡಿಎಫ್ ಮಾಡುತ್ತೇನೆ. ಆ ಪಿಡಿಎಫನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಪ್ರತಿ ಹೆಸರಿನ ಕೆಳಗೂ ಒತ್ತು ಉಳಿದಿದೆಯೇ ಎಂದು ಒಂದೊಂದಾಗಿ ನೋಡಿದ ಮೇಲೆಯೇ ಮುದ್ರಣಕ್ಕೆ ಕಳಿಸುತ್ತೇನೆ.