ಮಾಮೂಲಿ ಬೈಕಿನಲ್ಲಿ ದಿನಾ ಜಲ್ಲಿ ರಸ್ತೆ ದಾಟುವವರಿಗೆ

ಕೆಲಸಕ್ಕೆ ಹೋಗುವ ದಾರಿಯಲ್ಲಿ ಜಲ್ಲಿ ರಸ್ತೆ ಇದೆ ಅಂದ ತಕ್ಷಣ ದೊಡ್ಡ ಅಡ್ವೆಂಚರ್ ಬೈಕ್ ತಗೊಳ್ಳಿ ಅಂತ ಹೇಳುವವರೇ ಜಾಸ್ತಿ. ಅಷ್ಟೆಲ್ಲ ಬೇಡ. ನಿಮ್ಮ ಹತ್ತಿರ ಈಗಿರುವ ಮಾಮೂಲಿ ಬೈಕೇ ಸಾಕು. ಆದರೆ ಡಾಂಬರಿನ ಮೇಲೆ ಓಡಿಸಿದ ಹಾಗೆ ಇಲ್ಲಿ ಓಡಿಸಿದರೆ ಒಂದಲ್ಲ ಒಂದು ದಿನ ಬೀಳ್ತೀರಿ, ಅದರಲ್ಲಿ ಅನುಮಾನವೇ ಇಲ್ಲ.

ಡಾಂಬರಿನಲ್ಲಿ ಟಯರ್ ಗಟ್ಟಿ ನೆಲವನ್ನು ಹಿಡಿಯುತ್ತದೆ. ಜಲ್ಲಿಯಲ್ಲಿ ಟಯರ್ ಹಿಡಿಯುವ ಕಲ್ಲೇ ಇನ್ನೊಂದು ಕಲ್ಲಿನ ಮೇಲೆ ಉರುಳುತ್ತದೆ. ಹಾಗಾಗಿ ಮುಂದಿನ ಚಕ್ರ ಸದಾ ಅತ್ತಿತ್ತ ಸಣ್ಣಗೆ ಆಡುತ್ತಲೇ ಇರುತ್ತದೆ. ಆಡಲಿ ಬಿಡಿ. ಇದೊಂದು ಒಪ್ಪಿಕೊಳ್ಳೋಕೆ ಎಲ್ಲರಿಗೂ ಕಷ್ಟ. ಹ್ಯಾಂಡಲ್ ಅಲ್ಲಾಡಿದ ಕೂಡಲೇ ಕೈ ಬಿಗಿಯಾಗುತ್ತದೆ, ಭುಜ ಬಿಗಿಯಾಗುತ್ತದೆ, ಆಗ ಚಕ್ರದ ಸಣ್ಣ ಓಲಾಟ ಇಡೀ ಬೈಕಿಗೆ ಹರಡುತ್ತದೆ. ಉರುಳುತ್ತಿರುವ ಚಕ್ರ ತಾನಾಗಿಯೇ ನೇರ ಆಗೋಕೆ ನೋಡುತ್ತೆ, ಅದಕ್ಕೆ ನೀವು ಅಡ್ಡಿ ಮಾಡದಿದ್ದರೆ ಸಾಕು. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಮೊಣಕೈ ಮಡಿಸಿ ಸಡಿಲ ಬಿಡಿ. ಕಣ್ಣು ದೂರ ಇರಲಿ. ಚಕ್ರದ ಮುಂದಿನ ಕಲ್ಲನ್ನೇ ನೋಡ್ತಾ ಹೋದರೆ ಬೈಕೂ ಅಲ್ಲಿಗೇ ಹೋಗುತ್ತದೆ.

ಆಮೇಲೆ ಆಕ್ಸಿಲರೇಟರ್. ಬೈಕ್ ಅಲ್ಲಾಡಿದಾಗ ಭಯಕ್ಕೆ ತಟ್ಟನೆ ಆಕ್ಸಿಲರೇಟರ್ ಬಿಟ್ಟುಬಿಡುತ್ತೇವೆ, ಅಲ್ವಾ? ಆಗ ಭಾರವೆಲ್ಲ ಮುಂದಕ್ಕೆ ಬಂದು ಮುಂದಿನ ಚಕ್ರ ಜಲ್ಲಿಯೊಳಗೆ ಹೂತುಕೊಳ್ಳುತ್ತದೆ, ಓಲಾಟ ಇನ್ನೂ ಜಾಸ್ತಿ ಆಗುತ್ತದೆ. ದಪ್ಪ ಜಲ್ಲಿ ಬಂದಾಗ ವೇಗ ಮೊದಲೇ ಕಡಿಮೆ ಮಾಡಿಕೊಂಡು, ಒಳಗೆ ಹೋದ ಮೇಲೆ ಆಕ್ಸಿಲರೇಟರ್ ಒಂದೇ ಸಮ ಹಿಡಿದು, ದೇಹದ ಭಾರ ಸ್ವಲ್ಪ ಹಿಂದಕ್ಕೆ ಹಾಕಿ ದಾಟಿಬಿಡಿ. ಸಮತಟ್ಟಾದ ಕಡೆ ಒಂದು ಗೇರ್ ಮೇಲೇ ಇರಲಿ, ಹಿಂದಿನ ಚಕ್ರಕ್ಕೆ ಎಳೆತ ನಯವಾಗಿ ಬರುತ್ತದೆ. ಇಳಿಜಾರಿನಲ್ಲಿ ಮಾತ್ರ ಕೆಳಗಿನ ಗೇರ್ ಹಾಕಿ ಇಂಜಿನ್ನಿನ ಹಿಡಿತದಲ್ಲೇ ಇಳಿಯಿರಿ. ಕ್ಲಚ್ ಹಿಡಿದುಕೊಂಡು ಇಳಿಯೋದು ಅಪಾಯ.

ಬ್ರೇಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನ ಬ್ರೇಕ್ ಮುಟ್ಟಲೇಬಾರದು ಅಂತ ಕೆಲವರು ಹೇಳ್ತಾರೆ, ಅದು ಸರಿಯಲ್ಲ. ಹಿಂದಿನದರಿಂದ ಶುರು ಮಾಡಿ, ಬೈಕ್ ನೇರ ಇರುವಾಗ ಮುಂದಿನದನ್ನು ಒಂದೋ ಎರಡೋ ಬೆರಳಲ್ಲಿ ನಿಧಾನಕ್ಕೆ ಒತ್ತಿ. ಹಿಂದಿನ ಚಕ್ರ ಜಾರಿದರೆ ಸರಿಮಾಡಿಕೊಳ್ಳೋಕೆ ಸಮಯ ಸಿಗುತ್ತದೆ, ಮುಂದಿನದು ಲಾಕ್ ಆದರೆ, ಅಂದರೆ ಉರುಳೋದು ನಿಂತು ಜಾರೋಕೆ ಶುರುವಾದರೆ, ಸಿಗೋದಿಲ್ಲ. ಎಬಿಎಸ್ (ಬ್ರೇಕ್ ಜೋರಾಗಿ ಒತ್ತಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಬೈಕಿನವರು ಇನ್ನೊಂದು ನೆನಪಿಡಿ: ಜಲ್ಲಿಯಲ್ಲಿ ಚಕ್ರ ಲಾಕ್ ಆದಾಗ ಅದರ ಮುಂದೆ ಕಲ್ಲು ಗುಡ್ಡೆಯಾಗಿ ಅದೇ ಒಂದು ತಡೆ ಆಗುತ್ತದೆ, ಎಬಿಎಸ್ ಚಕ್ರವನ್ನು ಲಾಕ್ ಆಗೋಕೆ ಬಿಡದ ಕಾರಣ ಆ ಗುಡ್ಡೆ ಕಟ್ಟೋದೇ ಇಲ್ಲ, ಬೈಕ್ ನಿಲ್ಲೋಕೆ ಇನ್ನಷ್ಟು ದೂರ ಬೇಕಾಗುತ್ತದೆ. ಹಾಗಂತ ಎಬಿಎಸ್ ತೆಗೆಸೋಕೆ ಹೋಗಬೇಡಿ, ಡಾಂಬರಿನಲ್ಲಿ ಅದು ಜೀವ ಉಳಿಸುತ್ತದೆ. ಮುಂದಿನ ಗಾಡಿಗೂ ನಿಮಗೂ ಇರುವ ಅಂತರ ಜಾಸ್ತಿ ಮಾಡಿಕೊಳ್ಳಿ. ಹೇಗೂ ಧೂಳು ಮತ್ತು ಟಯರಿನಿಂದ ಸಿಡಿಯುವ ಕಲ್ಲಿನ ಕಾರಣಕ್ಕೆ ಅದು ಬೇಕೇ ಬೇಕು. ಹೆಲ್ಮೆಟ್ಟಿನ ಗಾಜು ಪೂರ್ತಿ ಇಳಿಸಿಯೇ ಓಡಿಸಿ.

ಯಾರೂ ಇಲ್ಲದ, ನೇರ, ಸಮತಟ್ಟಾದ ಒಂದು ಜಾಗ ನೋಡಿಕೊಂಡು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹಿಂದಿನ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಜಾಸ್ತಿ ಒತ್ತುತ್ತಾ ಹೋಗಿ. ಎಲ್ಲಿ ಚಕ್ರ ಹಿಡಿತ ಬಿಡುತ್ತದೆ, ಅಥವಾ ಎಲ್ಲಿ ಎಬಿಎಸ್ ಕಾಲಿಗೆ ಟಕಟಕ ಅಂತ ತಟ್ಟುತ್ತದೆ ಅನ್ನೋದು ಕಾಲಿಗೆ ಗೊತ್ತಾಗಬೇಕು. ಇದನ್ನು ಓದಿ ಕಲಿಯೋಕೆ ಆಗಲ್ಲ.

ರಸ್ತೆಯಲ್ಲಿ ಎಲ್ಲಿ ಓಡಿಸಬೇಕು? ಕಾರು, ಲಾರಿಗಳ ಚಕ್ರ ಹೋಗಿ ಹೋಗಿ ಗಟ್ಟಿಯಾದ ಜಾಡಿನಲ್ಲಿ. ಜಾಡುಗಳ ನಡುವೆ ಮತ್ತು ರಸ್ತೆಯ ಅಂಚಿನಲ್ಲಿ ಸಡಿಲ ಕಲ್ಲು ಗುಡ್ಡೆ ಬಿದ್ದಿರುತ್ತದೆ. ಜಾಡು ಬದಲಿಸಲೇಬೇಕಾದಾಗ ಆ ಗುಡ್ಡೆಯ ಮೇಲೆ ಉದ್ದಕ್ಕೆ ಸವರಿಕೊಂಡು ಹೋಗಬೇಡಿ, ಸ್ವಲ್ಪ ಅಡ್ಡಲಾಗಿ, ಒಂದೇ ವೇಗದಲ್ಲಿ ದಾಟಿ. ಎದುರಿಂದ ಗಾಡಿ ಬರುತ್ತಿದ್ದರೆ ದೂರದಲ್ಲೇ ತೀರ್ಮಾನ ಮಾಡಿ ನಿಧಾನಿಸಿ. ಹತ್ತಿರ ಬಂದ ಮೇಲೆ ಅಂಚಿಗೆ ಹೋಗೋ ಗಡಿಬಿಡಿಯಲ್ಲೇ ಬೈಕ್ ಜಾರುತ್ತದೆ.

ತಿರುವಿಗೆ ಬರುವ ಮುಂಚೆಯೇ ಬ್ರೇಕ್ ಮುಗಿದಿರಬೇಕು. ತಿರುವಿನಲ್ಲಿ ದೇಹವನ್ನು ಬೈಕಿನ ಜೊತೆ ವಾಲಿಸಬೇಡಿ. ನೀವು ನೇರ ಕೂತು ಬೈಕನ್ನು ಮಾತ್ರ ಸ್ವಲ್ಪ ವಾಲಿಸಿ, ಹೊರಗಡೆಯ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ. ಡಾಂಬರಿನ ಅಭ್ಯಾಸಕ್ಕೆ ಇದು ಪೂರ್ತಿ ಉಲ್ಟಾ, ಒಂದಷ್ಟು ದಿನ ಕೈಕಾಲು ಮಾತು ಕೇಳೋದಿಲ್ಲ.

ಕೆಲವು ಕಡೆ ರಸ್ತೆ ತಗಡಿನ ಶೀಟಿನ ಹಾಗೆ ಅಲೆ ಅಲೆಯಾಗಿರುತ್ತದೆ. ರಸ್ತೆ ಮಾಡಿದವರ ತಪ್ಪು ಅಂದುಕೊಳ್ಳುತ್ತೇವೆ, ಆದರೆ ಒಣಗಿದ ಸಡಿಲ ನೆಲದ ಮೇಲೆ ಚಕ್ರಗಳು ಒಂದು ಮಿತಿಗಿಂತ ವೇಗವಾಗಿ ಉರುಳಿದರೆ ಸಾಕು, ಅಲೆ ತಾನಾಗಿಯೇ ಏಳುತ್ತದೆ. ಗಾಡಿಗಳು ಬ್ರೇಕ್ ಹಾಕುವ, ಎಳೆದು ಹತ್ತುವ ಜಾಗದಲ್ಲಿ ಇದು ಜಾಸ್ತಿ, ಅಂದರೆ ನಿಮಗೆ ಹಿಡಿತ ಬೇಕಾದ ಕಡೆಯೇ ಟಯರ್ ನೆಲ ಬಿಟ್ಟು ಹಾರುತ್ತಿರುತ್ತದೆ. ಅಲ್ಲಿಗೆ ಬರುವ ಮುಂಚೆಯೇ ನಿಧಾನಿಸಿ, ಸೀಟಿನಿಂದ ಸ್ವಲ್ಪ ಎದ್ದು ಫುಟ್‌ರೆಸ್ಟ್ ಮೇಲೆ ಭಾರ ಬಿಡಿ. ಬೆನ್ನಿಗೆ ಬ್ಯಾಗ್ ಇದ್ದರೆ ಎದ್ದು ನಿಂತಾಗ ಅದು ಎಳೆದಾಡುತ್ತದೆ, ಹಿಂದಿನ ಸೀಟಿಗೆ ಬಿಗಿಯಾಗಿ ಕಟ್ಟಿಬಿಡಿ.

ದಿನಾ ಹೋಗುವವರಿಗೆ ಅನುಕೂಲ ಏನಂದ್ರೆ ರಸ್ತೆ ಬಾಯಿಪಾಠ ಆಗಿರುತ್ತದೆ. ತೊಂದರೆಯೂ ಅದೇ. ನಿನ್ನೆ ಗಟ್ಟಿ ಇದ್ದ ಜಾಗಕ್ಕೆ ಇವತ್ತು ಹೊಸ ಜಲ್ಲಿ ಸುರಿದಿರಬಹುದು. ಜೋರು ಮಳೆಯ ಮಾರನೇ ದಿನ ನೀರು ಕೊರೆದ ಸಣ್ಣ ಕಾಲುವೆಗಳು ರಸ್ತೆಗೆ ಅಡ್ಡ ಬಂದಿರುತ್ತವೆ. ಸಣ್ಣ ಮಳೆ ಮಾತ್ರ ಒಳ್ಳೆಯದೇ, ಧೂಳು ಅಡಗುತ್ತದೆ, ನೆಲ ಬಿಗಿಯುತ್ತದೆ. ಬಹಳ ದಿನ ಒಣಗಿದ ರಸ್ತೆಯೇ ಜಾಸ್ತಿ ಜಾರೋದು.

ಜಲ್ಲಿ ಮುಗಿದು ಡಾಂಬರು ಶುರುವಾಗುವ ಜಾಗದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಗಾಡಿಗಳು ಹೊತ್ತು ತಂದ ಕಲ್ಲು ಡಾಂಬರಿನ ಮೇಲೆ ಚೆಲ್ಲಿರುತ್ತದೆ, ಗಟ್ಟಿ ನೆಲದ ಮೇಲೆ ಸಡಿಲ ಕಲ್ಲು ಅಂದರೆ ಜಲ್ಲಿ ರಸ್ತೆಗಿಂತ ಕೆಟ್ಟದ್ದು. ಅಲ್ಲೇ ತಿರುವು ಇದ್ದರಂತೂ ನಡೆಯುವ ವೇಗಕ್ಕೆ ಇಳಿಯಿರಿ.

ಟಯರ್ ಗಾಳಿ ಕಡಿಮೆ ಮಾಡಿ ಅಂತಾರೆ. ದಾರಿ ಬಹುಪಾಲು ಜಲ್ಲಿಯೇ ಆದರೆ ಕಂಪನಿ ಹೇಳಿದ್ದಕ್ಕಿಂತ 2 ಪಿಎಸ್‌ಐ ಇಳಿಸಬಹುದು. ಅರ್ಧ ಡಾಂಬರು ಇದ್ದರೆ ಹಾಗೇ ಬಿಡಿ. ತುಂಬಾ ಇಳಿಸಿದರೆ ಒಂದು ಚೂಪು ಕಲ್ಲು ಬಡಿದಾಗ ರಿಮ್ ಸೊಟ್ಟಗಾಗುತ್ತದೆ. ಟಯರ್ ಸವೆದು ಹೊಸದು ಹಾಕಿಸುವಾಗ ಎರಡೂ ರಸ್ತೆಗೆ ಆಗುವ, ಮೇಲ್ಮೈಯಲ್ಲಿ ದೊಡ್ಡ ರಬ್ಬರ್ ಬ್ಲಾಕ್ ಇರುವ ಟಯರ್ ನಿಮ್ಮ ರಿಮ್ಮಿನ ಅಳತೆಗೆ ಸಿಗುತ್ತದಾ ಕೇಳಿ. ಹಣ ಖರ್ಚು ಮಾಡೋದಾದರೆ ಮೊದಲು ಇದಕ್ಕೇ ಮಾಡಿ.

ಇನ್ನು ಗಾಡಿ ನೋಡಿಕೊಳ್ಳೋದು. ಧೂಳು ಎಣ್ಣೆಗೆ ಸೇರಿದರೆ ಅರೆಯುವ ಪೇಸ್ಟ್ ಆಗಿ ಚೈನನ್ನು ತಿಂದುಹಾಕುತ್ತದೆ. ಆದ್ದರಿಂದ ಕೊಳೆ ಚೈನಿನ ಮೇಲೆ ಎಣ್ಣೆ ಸುರಿಯಬೇಡಿ. ಮೊದಲು ಒರೆಸಿ, ಒಳಬದಿಯಿಂದ ತೆಳುವಾಗಿ ಹಾಕಿ, ರಾತ್ರಿ ಬಿಟ್ಟು ಬೆಳಿಗ್ಗೆ ಹೊರಗಿರೋದನ್ನೆಲ್ಲ ಬಟ್ಟೆಯಲ್ಲಿ ತೆಗೆದುಬಿಡಿ. ಏರ್ ಫಿಲ್ಟರ್ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದಕ್ಕಿಂತ ಬೇಗ ತೆಗೆದು ನೋಡಿ. ಮುಂದಿನ ಶಾಕ್‌ನ ಹೊಳೆಯುವ ಕೊಳವೆಯನ್ನು ಆಗಾಗ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಅದರ ಮೇಲೆ ಎಣ್ಣೆಯ ತೆಳು ಉಂಗುರ ಕಂಡರೆ ಸೀಲ್ ಸೋರೋಕೆ ಶುರುವಾಗಿದೆ ಅಂತ, ಆ ಎಣ್ಣೆ ಬ್ರೇಕಿಗೆ ಇಳಿಯುವ ಮುಂಚೆ ಮಾಡಿಸಿ. ನಡುಕಕ್ಕೆ ನಟ್ಟು ಬೋಲ್ಟು ಸಡಿಲ ಆಗುತ್ತವೆ, ಕನ್ನಡಿ, ನಂಬರ್ ಪ್ಲೇಟ್, ಸೈಲೆನ್ಸರ್ ಬೋಲ್ಟುಗಳನ್ನು ವಾರಕ್ಕೊಮ್ಮೆ ಕೈಯಲ್ಲಿ ಅಲ್ಲಾಡಿಸಿ ನೋಡಿ.

ಕೈಗವಸು ಮತ್ತು ಕಣಕಾಲು ಮುಚ್ಚುವ ಶೂ ಬೇಕೇ ಬೇಕು, ನಿಧಾನ ವೇಗದಲ್ಲಿ ಬಿದ್ದರೂ ಪೆಟ್ಟಾಗೋದು ಅಲ್ಲಿಗೇ. ಅಂಗೈ ಅಗಲದ ಒಂದು ಚಪ್ಪಟೆ ತಗಡಿನ ತುಂಡನ್ನೂ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಸಡಿಲ ನೆಲದಲ್ಲಿ ಸೈಡ್ ಸ್ಟ್ಯಾಂಡ್ ಕೆಳಗೆ ಅದನ್ನು ಹಾಕದಿದ್ದರೆ ಸ್ಟ್ಯಾಂಡ್ ನಿಧಾನಕ್ಕೆ ಹೂತು ಬೈಕ್ ಮಗುಚಿಕೊಳ್ಳುತ್ತದೆ.